ಅನವಧಾನ: ದೋಷವೋ, ರೋಗದ ಸೂಚನೆಯೋ?

ಹಳೆ ಮೈಸೂರು ಸೀಮೆಯವರು ಜ್ವರ ಬಂದಾಗ 'ಹುಷಾರಿಲ್ಲ' ಎನ್ನುತ್ತಾರೆ. ಧಾರವಾಡ, ಬೆಳಗಾವಿ, ಕಲಬುರಗಿಯ ಕಡೆಗೆ 'ಆರಾಮಿಲ್ಲ' ಎನ್ನುವುದು ರೂಢಿ. 'ಹುಷಾರು' ಪಾರಸಿಯಿಂದ ಬಂದ ಮಾತು. ಅಲ್ಲಿ ಅದಕ್ಕೆ ಎಚ್ಚರವುಳ್ಳವನು, ಚುರುಕಾದವನು ಎಂದರ್ಥ. 'ರಸ್ತೆ ದಾಟುವಾಗ ಹುಷಾರು' ಎನ್ನುವಲ್ಲಿ ಆ ಮೂಲಾರ್ಥ ಇಂದಿಗೂ ಉಳಿದಿದೆ. ಕನ್ನಡಿಗರು ಅದರ ಜೊತೆಗೆ ಆರೋಗ್ಯವೆಂಬ ಇನ್ನೊಂದು ಅರ್ಥವನ್ನೂ ಕೂಡಿಸಿಕೊಂಡರು. ಎಚ್ಚರದಿಂದಿರುವುದು, ಸ್ವಸ್ಥವಾಗಿರುವುದು ಎರಡೂ ಒಂದೇ ಪದದೊಳಗೆ ಬಂದು ನೆಲೆಸಿದವು. ಭಾಷೆ ಹೀಗೆ ಎರಡನ್ನೂ ಒಂದುಗೂಡಿಸಿದ್ದರೂ ಮನೆವಾರ್ತೆಯಲ್ಲಿ ನಾವು ಅವನ್ನು ಬೇರೆ ಬೇರೆಯಾಗಿಯೇ ಕಾಣುತ್ತೇವೆ. ಮೈ ಸುಡುವ ಮಗುವನ್ನು ವೈದ್ಯರ ಬಳಿಗೆ ಒಯ್ಯುತ್ತೇವೆ. ಲಕ್ಷ್ಯ ನಿಲ್ಲದ ಮಗುವನ್ನು ಬೈಯುತ್ತೇವೆ.

ಆದ್ದರಿಂದ ಈ ಸಲ 'ಅನವಧಾನ' ಎಂಬ ಪದವನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಆರೋಗ್ಯದ ಪುಟದಲ್ಲಿ ಶಬ್ದಾರ್ಥದ ಚರ್ಚೆ ಏಕೆಂದು ಸದ್ಭಕ್ತರು ಕೇಳಬಹುದು. ಮನುಷ್ಯನಿಗೆ ನಾವು ಕೊಡುವ ಹೆಸರು ಎಷ್ಟೋ ವೇಳೆ ಅವನಿಗೆ ಸಿಗುವ ಚಿಕಿತ್ಸೆಯನ್ನೂ ನಿರ್ಧರಿಸುತ್ತದೆ ಎಂಬುದೇ ಅದಕ್ಕೆ ಉತ್ತರ.

'ಧಾ' ಎಂದರೆ ಇಡು. ಮನಸ್ಸನ್ನು ಒಂದೆಡೆ ಇಳಿಸಿ ಇಡುವುದು ಅವಧಾನ. ಹಾಗೆ ಇಡದಿರುವುದು ಅನವಧಾನ. ಅವಧಾನದೊಡನೆ ಕೂಡಿದ್ದು ಸಾವಧಾನ. ಶಾಲೆಯ ಕವಾಯತಿನಲ್ಲಿ 'ಸಾವಧಾನ್' ಎಂದು ಕೂಗಿದೊಡನೆ ಮಕ್ಕಳು ನೆಟ್ಟಗೆ ನಿಲ್ಲುತ್ತಾರೆ. ಆದರೆ 'ಸಾವಧಾನವಾಗಿ ಊಟ ಮಾಡಿ' ಎಂದು ಮನೆಯ ಹಿರಿಯರು ಹೇಳಿದರೆ ಅದಕ್ಕೆ ಅವಸರಪಡದೆ, ನಿಧಾನವಾಗಿ ಎಂದರ್ಥ. ಸಂಸ್ಕೃತದಲ್ಲಿ ನಡುವಣ ತೆರಪು ಎಂಬ ಅರ್ಥವಿದ್ದ 'ವ್ಯವಧಾನ'ವೂ ಕನ್ನಡಕ್ಕೆ ಬಂದು ಬಿಡುವು, ತಾಳ್ಮೆ ಎಂದಾಯಿತು. ಮನಸ್ಸಿಡುವುದಕ್ಕೆ ಹೊತ್ತು ಬೇಕೆಂಬ ಅನುಭವವೇ ಈ ಅರ್ಥಗಳ ಹಿಂದೆ ಇರಬೇಕೆಂದು ನಮಗೆ ತೋರುತ್ತದೆ. 'ಗಮನ'ದ ಕಥೆಯೂ ಸ್ವಾರಸ್ಯವಾದುದೇ. ಸಂಸ್ಕೃತದಲ್ಲಿ ಅದು ಹೋಗುವಿಕೆ. ನಾವು 'ಗಮನ ಕೊಡಿ' ಎನ್ನುವಾಗ ಹೋಗುವುದು ಕಾಲಲ್ಲ, ಮನಸ್ಸು. 'ಲಕ್ಷ್ಯ'ವಂತೂ ಬಿಲ್ಲುಗಾರನ ಗುರಿ.

ಗಮನವಿಲ್ಲದಿರುವಿಕೆಗೆ ನಮ್ಮಲ್ಲಿ ಪದಗಳು ಹಲವಿವೆ. ಅವುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುವುದೇ ತೊಡಕಿನ ಮೂಲ. 'ನಿರ್ಲಕ್ಷ್ಯ'ದಲ್ಲಿ ಇಚ್ಛೆಯಿದೆ; ತಿಳಿದೂ ಕಡೆಗಣಿಸಿದನೆಂಬ ಆರೋಪವಿದೆ. ಅಪಘಾತದ ಪೊಲೀಸು ದೂರುಗಳಲ್ಲಿ 'ಅತಿವೇಗ ಮತ್ತು ನಿರ್ಲಕ್ಷ್ಯತನ' ಜೋಡಿಪದವಾಗಿಯೇ ಬರುತ್ತದೆ. 'ಅನವಧಾನ'ದಲ್ಲಿ ಇಚ್ಛೆಯಿಲ್ಲ; ಇರಬೇಕಾದ ಗಮನ ಇರಲಿಲ್ಲ ಎಂದಷ್ಟೇ ಅದರ ಹೇಳಿಕೆ. 'ಅನ್ಯಮನಸ್ಕ'ನಿಗೆ ಮನಸ್ಸು ಇದೆ, ಬೇರೊಂದೆಡೆ ಇದೆ. 'ಪ್ರಮಾದ'ಕ್ಕೆ ಅಮರಕೋಶ ಕೊಡುವ ಪರ್ಯಾಯ ಅನವಧಾನತೆಯೇ. ಇಂದಿನ ಕನ್ನಡದಲ್ಲಿ ಅದು ಅಜಾಗರೂಕತೆಗಿಂತ ಹೆಚ್ಚಾಗಿ ಅದರಿಂದ ಆಗುವ ದೊಡ್ಡ ತಪ್ಪಿಗೆ ಹೆಸರಾಗಿದೆ. ಕಾರಣದ ಹೆಸರು ಕಾರ್ಯಕ್ಕೆ ಅಂಟಿಕೊಂಡಿತು. ಪತಂಜಲಿಯ ಯೋಗಸೂತ್ರ ಚಿತ್ತವನ್ನು ಚೆದರಿಸುವ ಒಂಬತ್ತು ವಿಘ್ನಗಳನ್ನು ಎಣಿಸುತ್ತದೆ. ಅವುಗಳಲ್ಲಿ ಪ್ರಮಾದವೂ ಒಂದು, ಆಲಸ್ಯವೂ ಒಂದು. ಆದರೆ ಪಟ್ಟಿಯ ಮೊದಲ ಹೆಸರು ವ್ಯಾಧಿ. ಚಿತ್ತ ಚೆದರಿದವನನ್ನು ಕಂಡಾಗ ಮೊದಲು ಅವನ ಮೈಯನ್ನು ವಿಚಾರಿಸಬೇಕೆಂಬ ಇಂದಿನ ವೈದ್ಯರ ಕ್ರಮಕ್ಕೆ ಈ ಎಣಿಕೆ ಹೊಂದಿಕೊಳ್ಳುತ್ತದೆ.

ಮನಸ್ಸು ಬೇರೆಡೆಗಿದ್ದರೆ ಕಣ್ಣೆದುರಿನದೂ ಕಾಣದು, ಕಿವಿಗೆ ಬಿದ್ದದ್ದೂ ಕೇಳದು ಎಂಬುದನ್ನು ಬೃಹದಾರಣ್ಯಕ ಉಪನಿಷತ್ತು ಜನರ ದಿನದ ಮಾತಿನಿಂದಲೇ ಎತ್ತಿ ತೋರಿಸಿದೆ. ಕಣ್ಣು ಕಿವಿ ನೆಟ್ಟಗಿದ್ದರೂ ಮನಸ್ಸು ಕೂಡದಿದ್ದರೆ ಅರಿವು ಹುಟ್ಟದೆಂದು ಚರಕಸಂಹಿತೆಯೂ ಹೇಳುತ್ತದೆ. 1999ರಲ್ಲಿ ಅಮೆರಿಕದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರೀ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಚೆಂಡನ್ನು ದಾಟಿಸುವ ಆಟದ ಚಿತ್ರವೊಂದನ್ನು ತೋರಿಸಿ, ಒಂದು ತಂಡದವರು ಎಷ್ಟು ಸಲ ದಾಟಿಸಿದರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದ ವ್ಯಕ್ತಿಯೊಬ್ಬರು ಆಟಗಾರರ ಮಧ್ಯೆಯೇ ನಡೆದುಹೋದರು. ನೋಡಿದವರಲ್ಲಿ ಸುಮಾರು ಅರ್ಧ ಮಂದಿಗೆ ಅದು ಕಾಣಲೇ ಇಲ್ಲ! ಇವರಾರೂ ಗಮನವಿಲ್ಲದವರಲ್ಲ; ಎಣಿಕೆಯಲ್ಲಿ ಪೂರ್ತಿ ಗಮನವಿಟ್ಟವರು. ಕಾಳಿದಾಸನ ಶಕುಂತಲೆಯ ಸ್ಥಿತಿಯೂ ಇದೇ. ದುಷ್ಯಂತನಲ್ಲಿ ಅನನ್ಯಚಿತ್ತಳಾಗಿದ್ದ ಅವಳು ಬಾಗಿಲಿಗೆ ಬಂದ ದೂರ್ವಾಸರ ಪಾಲಿಗೆ ಅನ್ಯಮನಸ್ಕಳಾದಳು. ಒಂದೆಡೆಯ ಅವಧಾನವೇ ಇನ್ನೊಂದೆಡೆಯ ಅನವಧಾನ.

ಹಾಗಾದರೆ ಅಷ್ಟಾವಧಾನವೆಂದರೇನು ಎಂಬ ಪ್ರಶ್ನೆ ಏಳುತ್ತದೆ. ಅವಧಾನಿಗಳು ಎಂಟನ್ನೂ ಒಂದೇ ಕ್ಷಣದಲ್ಲಿ ಮಾಡುವುದಿಲ್ಲ. ಪೃಚ್ಛಕರಿಂದ ಪೃಚ್ಛಕರಿಗೆ ಸಾಗುತ್ತ, ಒಂದೊಂದು ಸುತ್ತಿಗೆ ಪದ್ಯದ ಒಂದೊಂದು ಪಾದವನ್ನು ಕೊಡುತ್ತ, ಬಿಟ್ಟ ಜಾಗವನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಅಲ್ಲಿಗೆ ಮರಳುತ್ತಾರೆ. ಅವರ ಗಮನವನ್ನು ಕೆಡಿಸುವುದಕ್ಕೆಂದೇ ಅಪ್ರಸ್ತುತ ಪ್ರಸಂಗದವರೊಬ್ಬರು ಪಕ್ಕದಲ್ಲಿರುತ್ತಾರೆ. ವರ್ಷಗಟ್ಟಲೆ ಸಾಧನೆ ಮಾಡಿದ ವಿದ್ವಾಂಸರು ಸಭೆಯಲ್ಲಿ ಮಾಡಿ ತೋರುವುದನ್ನು ನಾವು ಸ್ಕೂಟರಿನ ಮೇಲೆ ಕುಳಿತು, ಕಿವಿ ಮತ್ತು ಭುಜದ ನಡುವೆ ಮೊಬೈಲನ್ನು ಒತ್ತಿಹಿಡಿದು ಮಾಡಹೊರಡುತ್ತೇವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ 3 ಸೆಕೆಂಡುಗಳಲ್ಲಿ 50 ಮೀಟರ್ ದಾಟಿರುತ್ತದೆ.

ಲಿಂಗಾಯತ ಪರಂಪರೆಗೆ ಅವಧಾನ ಪರಿಚಿತವಾದ ಮಾತು. ಷಟ್‌ಸ್ಥಲಗಳಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ. ಬಳಿಕ ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಅವಧಾನಭಕ್ತಿಯನ್ನು ಪ್ರಸಾದಿಸ್ಥಲದಲ್ಲಿ ಇರಿಸಿದ್ದನ್ನು ನಾವು ವಿಶೇಷವಾಗಿ ನೆನೆಯಬೇಕು. ಪ್ರಸಾದಿಯಾದವನು ತನ್ನ ಇಂದ್ರಿಯಗಳಿಗೆ ಒದಗಿದ ರೂಪವನ್ನೂ ರುಚಿಯನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ ಬಳಿಕ ಸ್ವೀಕರಿಸುತ್ತಾನೆ. ಅರ್ಪಿಸಬೇಕಾದರೆ ಏನು ಬಂದಿದೆಯೆಂಬ ಅರಿವು ಇರಲೇಬೇಕು. ಇದು ಸಾಧನೆಯ ಮಾತು; ಇದನ್ನು ಔಷಧವೆಂದು ಇಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಊಟದ ವಿಷಯದಲ್ಲಿ ವೈದ್ಯಶಾಸ್ತ್ರವೂ ಇದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಬಹಳ ಬೇಗವೂ ಅಲ್ಲದೆ ಬಹಳ ತಡವಾಗಿಯೂ ಅಲ್ಲದೆ, ಹರಟದೆ, ನಗದೆ, 'ತನ್ಮನ'ನಾಗಿ, ಎಂದರೆ ಮನಸ್ಸನ್ನು ಅನ್ನದಲ್ಲಿಟ್ಟು ಉಣ್ಣಬೇಕೆಂದು ಚರಕಸಂಹಿತೆಯ ವಿಮಾನಸ್ಥಾನ ವಿಧಿಸುತ್ತದೆ. ದೂರದರ್ಶನ ನೋಡುತ್ತಲೋ ಓದುತ್ತಲೋ ಉಣ್ಣುವವರನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ವರದಿಯೊಂದಿದೆ. ಗಮನ ಬೇರೆಡೆಗಿದ್ದಾಗ ಜನ ಆ ಹೊತ್ತಿನಲ್ಲಿ ಹೆಚ್ಚು ತಿನ್ನುತ್ತಾರೆಂದು ಅದು ಕಂಡುಕೊಂಡಿತು. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಆಮೇಲಿನ ಹೊತ್ತಿನಲ್ಲಿ ಇನ್ನಷ್ಟು ಹೆಚ್ಚು ತಿನ್ನುತ್ತಾರೆ. ಉಂಡ ನೆನಪು ಸರಿಯಾಗಿ ಮೂಡದಿದ್ದರೆ ಹಸಿವಿನ ಲೆಕ್ಕವೂ ತಪ್ಪುತ್ತದೆ. ಸಕ್ಕರೆ ಕಾಯಿಲೆಯಿರುವವರು ದಾಸೋಹದ ಪಂಕ್ತಿಯಲ್ಲಿ ಎಡಗೈಯಲ್ಲಿ ಮೊಬೈಲು ಹಿಡಿದು ಕುಳಿತರೆ ಎಲೆಗೆ ಬಿದ್ದ ಹುಗ್ಗಿ ಎಷ್ಟು ಸೌಟೆಂಬುದು ಅವರಿಗೇ ತಿಳಿದಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಕೈಯಲ್ಲಿರುವ ಅನವಧಾನ. ಇನ್ನು ಮೇಲಿನದು ನಮ್ಮ ಕೈಯಲ್ಲಿಲ್ಲದ್ದು. ಈ ಎರಡನೆಯದಕ್ಕೂ ಜನ ಅದೇ ಹೆಸರನ್ನು ಬಳಸುವುದರಿಂದ ನಷ್ಟಕ್ಕೆ ಒಳಗಾಗುವವರು ಹೆಚ್ಚಾಗಿ ಮಕ್ಕಳು ಮತ್ತು ಮುದುಕರು.

ಮಗುವೊಂದು ಆಡುತ್ತಿರುವಾಗಲೋ ಉಣ್ಣುತ್ತಿರುವಾಗಲೋ ಇದ್ದಕ್ಕಿದ್ದಂತೆ ಶೂನ್ಯದೃಷ್ಟಿಯಿಂದ ನಿಂತುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಐದಾರು ಸೆಕೆಂಡು, ಹೆಚ್ಚೆಂದರೆ ಹದಿನೈದಿಪ್ಪತ್ತು ಸೆಕೆಂಡು. ಅನಂತರ ಏನೂ ಆಗಿಲ್ಲವೆಂಬಂತೆ ಬಿಟ್ಟ ಕೆಲಸವನ್ನೇ ಮುಂದುವರಿಸುತ್ತದೆ. ಇದು ಮೂರ್ಛೆರೋಗದ ಒಂದು ಬಗೆ. ಕೈಕಾಲು ಸೆಳೆತವಿಲ್ಲ, ಬಾಯಲ್ಲಿ ನೊರೆಯಿಲ್ಲ, ಬೀಳುವುದಿಲ್ಲ. ಆದಕಾರಣ ಯಾರಿಗೂ ಇದು ಮೂರ್ಛೆಯೆಂದು ಹೊಳೆಯುವುದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದೊಳಗೆ ಆರಂಭವಾಗುವ ಈ ತೊಂದರೆ ದಿನಕ್ಕೆ ಹತ್ತಾರು ಸಲ ಬರಬಹುದು. ಪ್ರತಿ ಸಲವೂ ಪಾಠದ ಒಂದು ತುಣುಕು ಕಳಚಿಹೋಗುತ್ತದೆ. ಶಿಕ್ಷಕರು 'ಕನಸು ಕಾಣುತ್ತಾನೆ' ಎಂದು ಹೊಡೆಯುತ್ತಾರೆ. ಕನಸು ಕಾಣುವ ಮಗು ಹೆಗಲು ಮುಟ್ಟಿದರೆ ಎಚ್ಚತ್ತುಕೊಳ್ಳುತ್ತದೆ, ಈ ಮಗು ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಮಾತಿನ ನಡುವೆ, ತುತ್ತಿನ ನಡುವೆ ಬಂದರೆ ಅನುಮಾನ ಇನ್ನೂ ಬಲವಾಗಬೇಕು. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಔಷಧದಿಂದ ಬಹುಪಾಲು ಮಕ್ಕಳಲ್ಲಿ ಹತೋಟಿಗೆ ಬರುತ್ತದೆ. ಚಿಕಿತ್ಸೆಯಿರುವ ರೋಗಕ್ಕೆ ಬೆತ್ತದ ಏಟು ತಿನ್ನುವುದಕ್ಕಿಂತ ಅನ್ಯಾಯ ಬೇರೆಯಿಲ್ಲ.

ಕಿವಿಯ ವಿಷಯ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ಅಂಟುದ್ರವ ನಿಲ್ಲುವುದುಂಟು. ನೋವಿರುವುದಿಲ್ಲ, ಸೋರುವುದಿಲ್ಲ. ಕೇಳಿಸುವುದು ಮಾತ್ರ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. 'ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಕೇಳಿಸುವುದಿಲ್ಲ' ಎಂದು ಮನೆಯವರು ದೂರುವುದು ಇಂಥ ಮಕ್ಕಳನ್ನೇ. ಕಣ್ಣಿನ ದೋಷವೂ ಹಾಗೆಯೇ: ಹಲಗೆ ಕಾಣದ ಹುಡುಗ ಕಿಟಕಿಯ ಕಡೆ ನೋಡುತ್ತಾನೆ.

ರಕ್ತಹೀನತೆಯನ್ನು ನಮ್ಮ ಜನ ಸುಸ್ತಿನೊಡನೆ ಮಾತ್ರ ಜೋಡಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ. ಆ ಕೊರತೆ ಗಮನವನ್ನೂ ಕಲಿಕೆಯನ್ನೂ ಕುಂದಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಆಹಾರದಲ್ಲಿನ ಕಬ್ಬಿಣ ಮೈಗೂಡದಂತೆ ತಡೆಯುತ್ತದೆ. ನಿಂಬೆ, ನೆಲ್ಲಿ, ಪೇರಲ ಅದಕ್ಕೆ ನೆರವಾಗುತ್ತವೆ.

ಮಠದ ಸದ್ಭಕ್ತರಿಗೆ ಇನ್ನೂ ಹತ್ತಿರದ ವಿಷಯ ಬಿ-12 ಜೀವಸತ್ವದ ಕೊರತೆ. ಸಸ್ಯಾಹಾರ ನಮ್ಮ ವ್ರತ. ಅದನ್ನು ಬಿಡುವ ಮಾತಿಲ್ಲ. ಆದರೆ ಕಾಳು, ಸೊಪ್ಪು, ಧಾನ್ಯಗಳಲ್ಲಿ ಈ ಜೀವಸತ್ವ ಇಲ್ಲವೆಂಬುದನ್ನು ತಿಳಿದಿರಬೇಕು. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಹೈನು ಮನೆಯಲ್ಲಿದ್ದು, ಹಾಲನ್ನೆಲ್ಲ ಡೇರಿಗೆ ಹಾಕಿ ಚಹಾಕ್ಕೆ ಒಂದು ಗುಟುಕು ಮಾತ್ರ ಉಳಿಸಿಕೊಳ್ಳುವ ಮನೆಗಳು ಹಳ್ಳಿಗಳಲ್ಲಿ ಕಡಿಮೆಯೇನಲ್ಲ. ವಯಸ್ಸಾದಂತೆ ಹೊಟ್ಟೆ ಈ ಸತ್ವವನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಆಮ್ಲಪಿತ್ತಕ್ಕೆಂದು ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ಬಿಡದೆ ನುಂಗುವವರಲ್ಲಿ ಕೊರತೆಯ ಸಂಭವ ಹೆಚ್ಚು. ಅಂಗಾಲಲ್ಲಿ ಜೋಮು, ನಡೆಯುವಾಗ ತೂಕ ತಪ್ಪುವುದು, ನಾಲಗೆಯುರಿ, ಮರೆವು, ಮಾತಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸಬಹುದು. ತಡಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ಮರಳದೆ ಉಳಿಯಬಹುದು. ಬಿ-12 ಕೊರತೆಯನ್ನು ಪರೀಕ್ಷಿಸಿಕೊಳ್ಳದೆ ಬರಿಯ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಸಾಗುತ್ತದೆ. ಥೈರಾಯ್ಡ್ ಗ್ರಂಥಿಯ ಮಂದತನವೂ ಇದೇ ಬಗೆಯ ಜಡತೆ ತರುವುದರಿಂದ ವೈದ್ಯರು ಎರಡನ್ನೂ ಒಟ್ಟಿಗೆ ಪರೀಕ್ಷಿಸುವುದು ವಾಡಿಕೆ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯಿಂದ ಆಗಿರುವ ಅಪಕಾರ ದೊಡ್ಡದು. ನಿನ್ನೆಯವರೆಗೆ ಲೆಕ್ಕಪತ್ರ ನೋಡುತ್ತಿದ್ದ ಹಿರಿಯರು ಇಂದು ಮಾತಿನ ನಡುವೆ ಎಳೆ ಕಳೆದುಕೊಂಡು, ಸಂಜೆಗೆ ಗಲಿಬಿಲಿಗೊಂಡು, ಬೆಳಗ್ಗೆ ಸ್ವಲ್ಪ ಸರಿಹೋಗಿ, ಮತ್ತೆ ಹಗಲೆಲ್ಲ ತೂಕಡಿಸಿದರೆ ಅದು ಅರಳು ಮರಳಲ್ಲ. ಅರಳು ಮರಳು ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರುವಂಥದು. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದು ಏರಿಳಿಯುವ ಅನವಧಾನವನ್ನು ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಗಮನ ನಿಲ್ಲದಿರುವುದೇ ಅದರ ಪ್ರಧಾನ ಲಕ್ಷಣ. ಮೂತ್ರನಾಳದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಆರಂಭಿಸಿದ ನಿದ್ರೆಯ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಮುದುಕರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರುವುದುಂಟು. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಅವರನ್ನು ಕೇಳಿ ನೋಡಬಹುದು; ಮೊನ್ನೆ ಹೇಳಬಲ್ಲವರಾಗಿದ್ದವರು ಇಂದು ನಡುವೆ ತೊಳಲಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಎರಡು ದಿನ ಕಾದು ನೋಡುವ ಸಂಗತಿ ಇದಲ್ಲ.

ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದವರಲ್ಲಿ ಇನ್ನೂ ವಿಚಿತ್ರವಾದ ಅನವಧಾನ ಕಾಣುತ್ತದೆ. ಅವರಿಗೆ ಎಡಗಡೆಯ ಜಗತ್ತೇ ಇಲ್ಲ. ತಟ್ಟೆಯ ಬಲಭಾಗದ ರೊಟ್ಟಿ ಪಲ್ಯ ಮುಗಿಸಿ, ಎಡಭಾಗದ್ದನ್ನು ಹಾಗೆಯೇ ಬಿಟ್ಟು, ಇನ್ನೂ ಹಸಿವೆಂದು ಕೇಳುತ್ತಾರೆ. ಕಣ್ಣು ಸರಿಯಾಗಿಯೇ ಇರಬಹುದು. ಗಮನ ಮಾತ್ರ ಆ ಕಡೆಗೆ ಹೊರಳುವುದಿಲ್ಲ. ಸೊಸೆ ತಟ್ಟೆಯನ್ನು ತಿರುಗಿಸಿಟ್ಟರೆ ಉಳಿದದ್ದನ್ನೂ ಉಣ್ಣುತ್ತಾರೆ. ತಿಳಿಯದವರು ಇದನ್ನು ಹಟವೆಂದುಕೊಳ್ಳುತ್ತಾರೆ.

ಅವಧಾನದ ಕೊರತೆಯನ್ನೇ ಹೆಸರಿನಲ್ಲಿ ಹೊತ್ತ ರೋಗವೊಂದು ಈಗ ಎಲ್ಲರ ಬಾಯಲ್ಲಿದೆ: ಎಡಿಎಚ್‌ಡಿ. ಚಂಚಲತೆಯೊಂದೇ ಇದರ ಗುರುತೆಂಬ ಭಾವನೆ ಸರಿಯಲ್ಲ. ಕುಳಿತಲ್ಲೇ ಕುಳಿತು, ಯಾರಿಗೂ ತೊಂದರೆ ಕೊಡದೆ, ಪುಸ್ತಕ ಮರೆಯುತ್ತ, ಅರ್ಧ ಲೆಕ್ಕ ಬಿಡುತ್ತ ಹಿಂದುಳಿಯುವ ಬಗೆಯೂ ಇದೆ. ಹೆಣ್ಣುಮಕ್ಕಳಲ್ಲಿ ಕಾಣುವ ಈ ಬಗೆ ಹಲವು ವೇಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರಬೇಕು, 6 ತಿಂಗಳಾದರೂ ಮುಂದುವರಿದಿರಬೇಕು, ಶಾಲೆ ಮನೆ ಎರಡರಲ್ಲೂ ತೋರಬೇಕು. ಒಬ್ಬ ಶಿಕ್ಷಕರ ಗಂಟೆಯಲ್ಲಿ ಮಾತ್ರ ಲಕ್ಷ್ಯ ತಪ್ಪುವ ಮಗುವಿಗೆ ಈ ಹೆಸರು ಅಂಟಿಸಬಾರದು. ಮೊಬೈಲಿನ ಆಟದಲ್ಲಿ ಗಂಟೆಗಟ್ಟಲೆ ಮುಳುಗಬಲ್ಲ ಮಗುವಿಗೆ ಈ ರೋಗವಿರಲಾರದೆಂದು ತಳ್ಳಿಹಾಕುವುದೂ ತಪ್ಪು.

ನಿದ್ರೆಗೆಟ್ಟವರ ಮಾತನ್ನೂ ಹೇಳದೆ ಬಿಡಲಾಗದು, ಜಾತ್ರೆಯ ದಿನಗಳು ಬರುತ್ತಿವೆ. 17 ತಾಸು ನಿದ್ರೆಯಿಲ್ಲದೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗೆ ಕಾನೂನು ಇಟ್ಟಿರುವ ಮಿತಿ ಶೇಕಡಾ 0.03. ಹಗಲೆಲ್ಲ ಅಂಗಡಿಯಲ್ಲೋ ಹೊಲದಲ್ಲೋ ದುಡಿದು, ರಾತ್ರಿ ಊಟ ಮುಗಿಸಿ, ಮನೆಮಂದಿಯನ್ನೆಲ್ಲ ವಾಹನದಲ್ಲಿ ತುಂಬಿಕೊಂಡು ರಥೋತ್ಸವಕ್ಕೆ ಹೊರಡುವ ಸದ್ಭಕ್ತರು ಹನಿ ಮದ್ಯ ಮುಟ್ಟದವರಾದರೂ ಬೆಳಗಿನ ಜಾವದ ಹೊತ್ತಿಗೆ ಆ ಮಿತಿಯನ್ನು ದಾಟಿದವರಂತೆಯೇ ಇರುತ್ತಾರೆ. ಮಧ್ಯಾಹ್ನವೇ ಹೊರಟು ಬಂದು ಮಠದಲ್ಲಿ ತಂಗಬಹುದು.

ಔಷಧ ಸೇವನೆಯಲ್ಲಿಯ ಅನವಧಾನದ ಒಂದು ಉದಾಹರಣೆಯನ್ನು ಮಾತ್ರ ಕೊಡುತ್ತೇವೆ, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳತಕ್ಕದ್ದು. ಮಿಕ್ಕ ಮಾತ್ರೆಗಳೊಡನೆ ಸೇರಿಸಿ ದಿನವೂ ನುಂಗಿದರೆ ರಕ್ತಕಣಗಳು ನಾಶವಾಗಿ ಸಾವೇ ಸಂಭವಿಸಬಹುದು. ಇಂಥ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿಟ್ಟು, ಅದರ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ನುಂಗಿದೊಡನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಒಳ್ಳೆಯದು. ಓದು ಬಾರದ ಹಿರಿಯರಿದ್ದರೆ ಡಬ್ಬಿ ಮನೆಯ ಇನ್ನೊಬ್ಬರ ವಶದಲ್ಲಿರಲಿ.

ಶಾಲೆಯ ಗುರುಮಾತೆಯರಲ್ಲಿ, ಗುರುಗಳಲ್ಲಿ ನಮ್ಮದೊಂದು ವಿನಂತಿ. ಪ್ರಗತಿಪತ್ರದ ಕೊನೆಯ ಸಾಲಿನಲ್ಲಿ 'ಲಕ್ಷ್ಯವಿಲ್ಲ' ಎಂದು ಬರೆಯುವ ಬದಲು ಕಣ್ಣಾರೆ ಕಂಡದ್ದನ್ನು ಬರೆಯಿರಿ. ಹಿಂದಿನಿಂದ ಕರೆದರೆ ಓಗೊಡುವುದಿಲ್ಲ, ಎದುರು ನಿಂತು ಕರೆದರೆ ಓಗೊಡುತ್ತಾಳೆ. ಓದುತ್ತಿರುವಾಗ ನಡುವೆ ತಟ್ಟನೆ ನಿಂತು, ಕೆಲವು ಕ್ಷಣಗಳ ಮೇಲೆ ಮತ್ತೆ ಓದುತ್ತಾನೆ. ಬೆಳಗಿನ ಮೊದಲ ಅವಧಿಯಲ್ಲಿ ತೂಕಡಿಸುತ್ತಾಳೆ, ಬಿಸಿಯೂಟದ ಬಳಿಕ ಚುರುಕಾಗಿರುತ್ತಾಳೆ. ಇಂಥ ಒಂದೊಂದು ಸಾಲೂ ಕಿವಿಯ ವೈದ್ಯರಿಗೆ, ನರರೋಗದ ವೈದ್ಯರಿಗೆ, ಬೆಳಗ್ಗೆ ಏನನ್ನೂ ತಿನ್ನಿಸದೆ ಕಳಿಸುವ ಮನೆಗೆ ಬೇರೆ ಬೇರೆ ದಾರಿ ತೋರಿಸುತ್ತದೆ.